ಹಿಡಿದುಕೊಳ್ಳದೆ ಮಗನ ಕೂದಲು ಕತ್ತರಿಸಿದ್ದು: ನನ್ನ ಅನುಭವ

ಕಳೆದ ತಿಂಗಳು ಶಿರಸಿಯ ಸಲೂನಿನಲ್ಲಿ ಮಗ ತಾನೇ ಕುರ್ಚಿ ಹತ್ತಿ ಕೂತು ಪೂರ್ತಿ ಕೂದಲು ಕತ್ತರಿಸಿಕೊಂಡ. ಸದ್ದು, ಹಗುರ ಸ್ಪರ್ಶ ಎರಡೂ ಅವನಿಗೆ ತಡೆಯಲಾಗದು, ಆದರೂ ಯಾರೂ ಕೈಕಾಲು ಹಿಡಿಯಲಿಲ್ಲ. "ನಾಲ್ಕು ಜನ ಹಿಡ್ಕೊಂಡ್ರೆ ಐದು ನಿಮಿಷದ ಕೆಲಸ" ಎನ್ನುತ್ತಿದ್ದ ನೆಂಟರು ಇದನ್ನು ಓದಲಿ.

ಕೈಕೊಟ್ಟವುಗಳನ್ನು ಮೊದಲು ಹೇಳುತ್ತೇನೆ. ಸದ್ದು ತಡೆಯಲು ಕಿವಿಗೆ ಹಾಕುವ ಇಯರ್‌ಮಫ್‌ಗೆ ಒಂದೂವರೆ ಸಾವಿರದ ಹತ್ತಿರ ಹೋಯಿತು. ಮಿಕ್ಸಿಗೆ, ಕುಕ್ಕರ್ ಸೀಟಿಗೆ ಅದು ಸಾಕು. ಟ್ರಿಮ್ಮರ್‌ಗೆ ಮಾತ್ರ ಉಪಯೋಗವಿಲ್ಲ. ಅದರ ಗುಂಯ್ ಸದ್ದು ತಲೆಬುರುಡೆಯ ಮೂಳೆಯಿಂದಲೇ ಒಳಕಿವಿಗೆ ಹೋಗುತ್ತದೆ. ಹೊರಗಿನಿಂದ ಕಿವಿ ಮುಚ್ಚಿ ಏನು ಬಂತು?

ಹುಬ್ಬಳ್ಳಿಯ ಓಟಿಗೆ (ಆಕ್ಯುಪೇಶನಲ್ ಥೆರಪಿ, ದಿನದ ಕೆಲಸಗಳಿಗೆ ಮಗುವನ್ನು ಒಗ್ಗಿಸುವ ಚಿಕಿತ್ಸೆ) ಹೋದರೆ ಬಸ್ಸು, ಊಟ, ಫೀ ಸೇರಿ ಸಲಕ್ಕೆ ಎರಡು ಸಾವಿರ. ನೂರು ಕಿಲೋಮೀಟರ್ ಹಾರ್ನ್ ಕೇಳಿ ಅಲ್ಲಿ ಮುಟ್ಟುವಷ್ಟರಲ್ಲಿ ಮಗು ಸುಸ್ತು. ಇನ್ನೇನು ಥೆರಪಿ?

ಮೈಮೇಲೆ ಒತ್ತು ಬಿದ್ದು ಮಗು ಶಾಂತವಾಗಲಿ ಎಂದು ಭಾರದ ಹೊದಿಕೆಯನ್ನು ನಾನೇ ಹೊಲಿದೆ. ಹೆಸರುಕಾಳು ತುಂಬಿದೆ, ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಚಾಲಿ ಅಡಿಕೆ ತುಂಬಿದೆ. ನಮ್ಮನೆಯವರು ರೇಟು ಹೇಳಿ ಗೊಣಗಿದರು, ಮಗನಿಗೆ ಅದರ ಕಟಕಟ ಸದ್ದೇ ಹಿಡಿಸಲಿಲ್ಲ. ಕೊನೆಗೆ ತೊಳೆದು ಒಣಗಿಸಿದ ಹೊಳೆಮರಳು, ಚಿಕ್ಕ ಚಿಕ್ಕ ಜೇಬುಗಳಲ್ಲಿ. ಮಗ ಇಪ್ಪತ್ತು ಕಿಲೋ ಆಸುಪಾಸು, ಹೊದಿಕೆ ಎರಡು ಕಿಲೋ. ಮಗು ತಾನೇ ಸರಿಸಲು ಬರುವಷ್ಟೇ ಭಾರ ಇರಲಿ.

ಈ ಹೊದಿಕೆಯಿಂದಲೇ ದಾರಿ ಸಿಕ್ಕಿದ್ದು. ಹಗುರ ಸ್ಪರ್ಶ ಅವನಿಗೆ ಬೆಂಕಿ, ಗಟ್ಟಿ ಒತ್ತು ಹಿತ. ಸಲೂನಿನಲ್ಲಿ ಮಾಡುವುದೆಲ್ಲ ಹಗುರವೇ ಅಲ್ವಾ? ಬೆರಳ ತುದಿಯಲ್ಲಿ ತಲೆ ತಿರುಗಿಸುವುದು, ನೀರು ಚಿಮುಕಿಸುವುದು, ಕುತ್ತಿಗೆಗೆ ಬ್ರಷ್. ಅದನ್ನೆಲ್ಲ ಬಿಡಿಸಿದೆ. ನೈಲಾನ್ ಬಟ್ಟೆಯ ಬದಲು ಅವನ ಅಪ್ಪನ ಹಳೇ ಪಂಚೆ. ನನ್ನ ಅಂಗೈ ಅವನ ನೆತ್ತಿಯ ಮೇಲೆ ಗಟ್ಟಿಯಾಗಿ. ಜೋರಾಗಿ ಹತ್ತು ಎಣಿಸುವುದು, ಹತ್ತಕ್ಕೆ ನಿಲ್ಲಿಸುವುದು. ಅರ್ಧ ತಲೆ ಉಳಿದಿದ್ದರೂ ನಿಲ್ಲಿಸಲೇಬೇಕು, ಅವನ ನಂಬಿಕೆ ಇರುವುದೇ ಅಲ್ಲಿ.

ಮನೆಯಲ್ಲಿ ಟ್ರಿಮ್ಮರ್ ಸ್ವಿಚ್ ಅವನ ಕೈಗೇ ಕೊಟ್ಟಿದ್ದೆ. ಮೊದಲು ಆಫ್ ಇರುವಾಗ ಹಿಡಿಯುವುದು, ಆಮೇಲೆ ಮೊಣಕಾಲು, ಮೊಣಕೈ, ಕೊನೆಗೆ ಕುತ್ತಿಗೆ. ತಿಂಗಳುಗಟ್ಟಲೆ ಹಿಡಿಯಿತು. ಕಿವಿಯ ಸುತ್ತ ಈಗಲೂ ಕತ್ತರಿಯೇ. ಕತ್ತರಿ ಹಾಕುವ ಮೊದಲು ದವಡೆಗೆ ಒಂದು ಕೆಲಸ ಮಾಡುತ್ತೇನೆ. ಅದನ್ನು ಬರೆದು ತಿಳಿಸಲಾಗದು, ಎದುರು ಸಿಕ್ಕಿದರೆ ತೋರಿಸುತ್ತೇನೆ.

ಸಲೂನಿಗೆ ಹೋಗುವುದು ಗಿರಾಕಿ ಇಲ್ಲದ ಮಧ್ಯಾಹ್ನ, ಟಿವಿ ಆಫ್, ದುಡ್ಡು ಡಬಲ್. ಆ ಅಣ್ಣ ಎರಡನೇ ಸಲಕ್ಕೇ ನನಗಿಂತ ಚೆನ್ನಾಗಿ ಎಣಿಸುತ್ತಿದ್ದರು.

ಇನ್ನೊಂದು ಪ್ರಯೋಗ. ಯಕ್ಷಗಾನದ ಚಂಡೆಯನ್ನು ಮೊಬೈಲಿನಲ್ಲಿ ತೀರಾ ಸಣ್ಣಗೆ ಹಾಕಿ, ವಾಲ್ಯೂಮ್ ಅವನಿಗೇ ಬಿಟ್ಟೆ. ಈಗ ಅವನೇ ಜಾಸ್ತಿ ಮಾಡುತ್ತಾನೆ! ಪಕ್ಕದ ಮನೆಯ ಮಿಕ್ಸಿಗೆ ಮಾತ್ರ ಈಗಲೂ ಓಡುತ್ತಾನೆ. ಸದ್ದು ಎಷ್ಟು ಅನ್ನುವುದಕ್ಕಿಂತ ಯಾವಾಗ ಬರುತ್ತದೆ ಎಂದು ಗೊತ್ತಿರುವುದು ಮುಖ್ಯ ಅಂತ ನನಗನ್ನಿಸುತ್ತದೆ.

ಈಗ ಉಗುರಿನ ಹಿಂದೆ ಬಿದ್ದಿದ್ದೇನೆ. ಸ್ನಾನವಾದ ಮೇಲೆ ಬೆರಳು ಒತ್ತಿ ಹಿಡಿದರೆ ಎಡಗೈ ಪೂರ್ತಿ ಮುಗಿಯುತ್ತದೆ. ಬಲಗೈ ಇನ್ನೂ ಒಗ್ಗಿಲ್ಲ.