ಮಗುವಿಗಾಗಿ ಕಾಯುವಾಗ ಯೋಗ: ನಾನು ಇಟ್ಟುಕೊಂಡದ್ದು, ಬಿಟ್ಟದ್ದು

ಮೊದಲೇ ಹೇಳಿಬಿಡುತ್ತೇನೆ. ಯೋಗ ಮಾಡಿದರೆ ಮಗು ಆಗಿಯೇ ಆಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಂಡಾಣು ಸಾಗುವ ಟ್ಯೂಬ್ ಮುಚ್ಚಿಹೋಗಿದ್ದರೆ ಅದನ್ನು ಯಾವ ಆಸನವೂ ತೆರೆಯುವುದಿಲ್ಲ. ಕಡಿಮೆಯಾದ ಅಂಡಾಣುಗಳನ್ನು ಯಾವ ಪ್ರಾಣಾಯಾಮವೂ ತುಂಬಿಕೊಡುವುದಿಲ್ಲ. ನಾನು ಮೂರು ವರ್ಷ ಕಾದೆ, ನನ್ನ ಮಗಳು ಹುಟ್ಟಿದ್ದು ಚಿಕಿತ್ಸೆಯಿಂದ. ಆದರೆ ಆ ಮೂರು ವರ್ಷ ನನಗೆ ರಾತ್ರಿ ನಿದ್ದೆ ಬಂದದ್ದು, ಅತ್ತು ಮುಗಿಸಿ ಮತ್ತೆ ಎದ್ದು ಕೂರಲು ಆದದ್ದು ಯೋಗದಿಂದ. ಅದೇನು ಸಣ್ಣ ವಿಷಯ ಅಲ್ಲ. ಈಗ ಆ ದಾರಿಯಲ್ಲಿ ಇರುವವರಿಗೆ ಬೇಕಾದೀತು ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ಆರು ತಿಂಗಳು ನಾನು ಹಠಕ್ಕೆ ಬಿದ್ದು ಮಾಡಿದೆ. ಬೆಳಿಗ್ಗೆ ಐದಕ್ಕೆ ಎದ್ದು ನಲವತ್ತು ಸೂರ್ಯನಮಸ್ಕಾರ, ಆಮೇಲೆ ಹೊಟ್ಟೆ ಒಳಗೆಳೆದು ಬಿರುಸಾಗಿ ಉಸಿರು ಹೊರಹಾಕುವ ಕಪಾಲಭಾತಿ, ಸಂಜೆ ಮತ್ತೆ ಒಂದು ಗಂಟೆ ಬಿರುಸಿನ ಕ್ಲಾಸ್. ಊಟವನ್ನೂ ಕಡಿಮೆ ಮಾಡಿದ್ದೆ. ಏಳು ಕಿಲೋ ಇಳಿಯಿತು, ನೋಡಿದವರೆಲ್ಲ ಹೊಗಳಿದರು. ಆದರೆ 29 ದಿನಕ್ಕೆ ಬರುತ್ತಿದ್ದ ಮುಟ್ಟು 40ಕ್ಕೆ ಹೋಯಿತು. ಒಂದು ತಿಂಗಳು ಬರಲೇ ಇಲ್ಲ. ಆಸೆಯಿಂದ ಟೆಸ್ಟ್ ಮಾಡಿದೆ, ಒಂದೇ ಗೆರೆ. ಡಾಕ್ಟರ್ ಮೊದಲು ಕೇಳಿದ್ದೇ "ದಿನಕ್ಕೆ ಎಷ್ಟು ವ್ಯಾಯಾಮ ಮಾಡ್ತೀರಿ, ಎಷ್ಟು ಊಟ ಮಾಡ್ತೀರಿ?" ಅಂತ. ಊಟ ಕಡಿಮೆಯಾಗಿ ದುಡಿತ ಜಾಸ್ತಿಯಾದರೆ, ಇದು ಮಗು ಹೊರುವ ಕಾಲ ಅಲ್ಲ ಅಂತ ಮೈ ತೀರ್ಮಾನ ಮಾಡಿಬಿಡುತ್ತದೆ. ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಹಾರ್ಮೋನ್ ಸೂಚನೆ ಕುಗ್ಗುತ್ತದೆ, ಅಂಡಾಣು ಬಿಡುಗಡೆ ನಿಂತುಹೋಗುತ್ತದೆ. ಎಲ್ಲರಿಗೂ ಹೀಗೇ ಅಂತ ಅಲ್ಲ. ತೂಕ ಜಾಸ್ತಿ ಇದ್ದು ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವ ತೊಂದರೆ) ಕೂಡ ಇರುವವರಿಗೆ ಚುರುಕಾದ ವ್ಯಾಯಾಮ ಒಳ್ಳೆಯದೇ. ಶೇಕಡಾ 5ರಿಂದ 10ರಷ್ಟು ತೂಕ ಇಳಿದರೂ ಎಷ್ಟೋ ಜನರಿಗೆ ಮುಟ್ಟು ಸರಿಹೋಗುತ್ತದೆ. ನಿಮ್ಮ ಮೈ ಯಾವ ಕಡೆಯದು ಅಂತ ಮೊದಲು ತಿಳಿದುಕೊಳ್ಳಿ. ಆಮೇಲೆ ಚಾಪೆ ಹಾಸಿ.

ನಿಮ್ಮ ತಿಂಗಳ ಲೆಕ್ಕವೂ ಗೊತ್ತಿರಬೇಕು. ಮುಟ್ಟಾದ ಹದಿನಾಲ್ಕನೇ ದಿನ ಅಂಡಾಣು ಬಿಡುಗಡೆ ಆಗುತ್ತೆ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಅದು 28 ದಿನದ ಚಕ್ರಕ್ಕೆ ಮಾತ್ರ. ಮುಂದಿನ ಮುಟ್ಟಿನಿಂದ ಹಿಂದಕ್ಕೆ ಸುಮಾರು 14 ದಿನ ಎಣಿಸಬೇಕು. 32 ದಿನದ ಚಕ್ರ ಇದ್ದರೆ ಅದು ಹದಿನೆಂಟನೇ ದಿನದ ಹೊತ್ತಿಗೆ ಬರುತ್ತದೆ. ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರಬಹುದು, ಅಂಡಾಣು ಬದುಕುವುದು ಹೆಚ್ಚೆಂದರೆ ಒಂದು ದಿನ. ಅದಕ್ಕೇ ಬಿಡುಗಡೆಯ ದಿನ, ಅದಕ್ಕೂ ಹಿಂದಿನ ಐದು ದಿನ, ಇಷ್ಟೇ ಗರ್ಭ ನಿಲ್ಲುವ ದಿನಗಳು. ನಾನು ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಿಂದ ಸಣ್ಣ ಚುಕ್ಕಿ ಇಡುತ್ತಿದ್ದೆ, ಅಷ್ಟೇ. ಮೊಬೈಲಿನ ಆ್ಯಪ್ ದಿನಕ್ಕೆ ಮೂರು ಸಲ ನೆನಪಿಸುತ್ತಿತ್ತು, ಪ್ರತಿ ಸಲವೂ ಎದೆ ಧಸಕ್ ಅನ್ನುತ್ತಿತ್ತು. ಕೊನೆಗೆ ತೆಗೆದುಹಾಕಿದೆ.

ಒಂದೇ ಆಸನ ಕಲಿಯುವುದಾದರೆ

ಸುಪ್ತ ಬದ್ಧಕೋಣಾಸನ ಕಲಿಯಿರಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತುಂಬಾ ಜನ ಇದನ್ನು ಅರ್ಧಂಬರ್ಧ ಮಾಡಿ ಸೊಂಟ ನೋವು ಅಂತ ಬಿಟ್ಟುಬಿಡುತ್ತಾರೆ.

ಎರಡು ದಿಂಬು ಉದ್ದಕ್ಕೆ ಒಂದರ ಮೇಲೊಂದು ಇಡಿ. ಮೇಲಿನದು ಒಂದು ಗೇಣು ಹಿಂದಕ್ಕೆ ಇರಲಿ, ಆಗ ಇಳಿಜಾರು ಸಿಗುತ್ತದೆ. ಕೆಳಗಿನ ದಿಂಬಿನ ಅಂಚಿಗೆ ಸೊಂಟ ತಾಗುವ ಹಾಗೆ ನೆಲದ ಮೇಲೆ ಕೂತು, ಕೈ ಊರಿಕೊಂಡು ನಿಧಾನ ಹಿಂದಕ್ಕೆ ಒರಗಿ. ಪೃಷ್ಠ ನೆಲದ ಮೇಲೇ ಇರಬೇಕು, ದಿಂಬಿನ ಮೇಲೆ ಅಲ್ಲ. ತಲೆ ಹಿಂದಕ್ಕೆ ಜೋತುಬಿದ್ದರೆ ಕತ್ತಿನ ಕೆಳಗೆ ಮಡಿಸಿದ ಬಟ್ಟೆ ಇಡಿ. ಈಗ ಅಂಗಾಲುಗಳನ್ನು ಜೋಡಿಸಿ, ಮಂಡಿಗಳನ್ನು ಎರಡೂ ಕಡೆ ಬಿಡಿ. ಇಲ್ಲೇ ಎಲ್ಲರೂ ತಪ್ಪುವುದು. ಮಂಡಿ ಗಾಳಿಯಲ್ಲಿ ತೂಗುತ್ತಿದ್ದರೆ ತೊಡೆಯ ಒಳಭಾಗ ಬಿಗಿ ಹಿಡಿದುಕೊಂಡೇ ಇರುತ್ತದೆ. ಎರಡೂ ತೊಡೆಯ ಕೆಳಗೆ ಮಡಿಸಿದ ಹೊದಿಕೆ ಕೊಡಿ, ತೊಡೆ ಅದರ ಮೇಲೆ ಪೂರ್ತಿ ಭಾರ ಬಿಡುವಷ್ಟು ಎತ್ತರಕ್ಕೆ. ಒಂದು ಕೈ ಎದೆಯ ಮೇಲೆ, ಇನ್ನೊಂದು ಹೊಕ್ಕುಳಿನ ಕೆಳಗೆ.

ಮೊದಲ ನಾಲ್ಕೈದು ನಿಮಿಷ ಏನೂ ಆಗುವುದಿಲ್ಲ, ತಲೆಯಲ್ಲಿ ಲೆಕ್ಕಾಚಾರ ಓಡುತ್ತಲೇ ಇರುತ್ತದೆ. ಓಡಲಿ. ಆಮೇಲೆ ಒಂದು ಗಳಿಗೆಯಲ್ಲಿ ಕೆಳಗಿನ ಕೈ ತನ್ನಷ್ಟಕ್ಕೆ ಏಳುವುದು, ಇಳಿಯುವುದು ಗೊತ್ತಾಗುತ್ತದೆ. ಅಲ್ಲಿಯವರೆಗೆ ಹೊಟ್ಟೆಯನ್ನು ಎಷ್ಟು ಬಿಗಿ ಹಿಡಿದಿದ್ದೆ ಅಂತ ನನಗೆ ಗೊತ್ತೇ ಇರಲಿಲ್ಲ. ಮೊದಲ ಸಲ ಅದು ಸಡಿಲವಾದಾಗ ಕಣ್ಣಿನ ಅಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಯಿತು. ದುಃಖ ಅಂತ ಕೂಡ ಅನಿಸಲಿಲ್ಲ. ಸುಮ್ನೆ ಬಂತು. ನಿಮಗೂ ಬಂದರೆ ಗಾಬರಿ ಬೇಡ.

ಹತ್ತು ನಿಮಿಷ ಸಾಕು. ಏಳುವಾಗ ಕೈಗಳಿಂದ ಮಂಡಿ ಎತ್ತಿ ಜೋಡಿಸಿ, ಪಕ್ಕಕ್ಕೆ ಹೊರಳಿ, ಕೈ ಊರಿ ಏಳಿ. ಮುಟ್ಟಿನ ದಿನಗಳೂ ಸೇರಿ ತಿಂಗಳಿಡೀ ಇದನ್ನು ಮಾಡಬಹುದು.

ಇದರ ಜೊತೆ ನಾನು ಇಟ್ಟುಕೊಂಡದ್ದು ಸ್ವಲ್ಪವೇ. ಬೆನ್ನಿಗೆ ಮಾರ್ಜಾಲಾಸನ, ಅಂದರೆ ಕೈ ಮಂಡಿ ಊರಿ ಬೆಕ್ಕಿನ ಹಾಗೆ ಬೆನ್ನು ಏರಿಸಿ ಇಳಿಸುವುದು, ಉಸಿರಿನ ಜೊತೆ ಎಂಟು ಹತ್ತು ಸಲ. ಮಂಡಿಯೂರಿ ಮುಂದಕ್ಕೆ ಬಾಗಿ ಒರಗುವ ಬಾಲಾಸನ, ಮಂಡಿ ಅಗಲಿಸಿ, ಎದೆ ಕೆಳಗೆ ದಿಂಬು ಇಟ್ಟು. ಅಂಗಾತ ಮಲಗಿ ಸೊಂಟ ಎತ್ತುವ ಸೇತುಬಂಧಾಸನ, ಆ ತಿಂಗಳ ಮುಟ್ಟು ಮುಗಿದ ಮೇಲೆ ಅಂಡಾಣು ಬಿಡುಗಡೆವರೆಗಿನ ದಿನಗಳಲ್ಲಿ. ಆ ದಿನಗಳಲ್ಲೇ ಮೈಯಲ್ಲಿ ಹುರುಪು ಜಾಸ್ತಿ, ನಾಲ್ಕೈದು ಸೂರ್ಯನಮಸ್ಕಾರ, ನಿಂತು ಮಾಡುವ ವೀರಭದ್ರಾಸನ ಮಾಡಿದರೂ ಚೆನ್ನ. ವಾರಕ್ಕೆ ಐದು ದಿನ, ಅರ್ಧ ಗಂಟೆ. ಅದಕ್ಕಿಂತ ಜಾಸ್ತಿ ಮಾಡಲೇಬೇಕು ಅನ್ನಿಸಿದ ದಿನ ನಾನು ಎದ್ದು ವಾಕಿಂಗ್ ಹೋಗುತ್ತಿದ್ದೆ.

ವಿಪರೀತ ಕರಣಿ, ಅಂದರೆ ಗೋಡೆಗೆ ಕಾಲು ಎತ್ತಿಟ್ಟು ಮಲಗುವುದು, ಇದರ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಗಂಡ ಹೆಂಡತಿ ಸೇರಿದ ಮೇಲೆ ಅರ್ಧ ಗಂಟೆ ಗೋಡೆಗೆ ಕಾಲು ಎತ್ತಿಟ್ಟು ಮಲಗಿದರೆ ಗರ್ಭ ನಿಲ್ಲುತ್ತೆ ಅಂತ. ವೀರ್ಯಾಣುಗಳು ಕೆಲವೇ ನಿಮಿಷದಲ್ಲಿ ಗರ್ಭಕೋಶದ ಬಾಯಿ ದಾಟಿ ಹೋಗಿರುತ್ತವೆ. ಎದ್ದಾಗ ಹೊರಗೆ ಬರುವ ದ್ರವ ನೋಡಿ "ಎಲ್ಲ ಹೋಯಿತು" ಅಂತ ನಾನೂ ಎಷ್ಟು ಸಲ ಹೆದರಿದ್ದೇನೋ. ಹೆದರಬೇಕಿಲ್ಲ, ಎದ್ದು ಬಾತ್‌ರೂಮಿಗೆ ಹೋಗಬಹುದು. ಆದರೆ ದಿನವಿಡೀ ದುಡಿದು ಬಂದ ಸಂಜೆ, ಸೊಂಟದ ಕೆಳಗೆ ದಿಂಬು ಇಟ್ಟು, ಕಾಲು ಗೋಡೆಗೆ ಒರಗಿಸಿ ಹತ್ತು ನಿಮಿಷ ಮಲಗುವ ಸುಖವೇ ಬೇರೆ. ಅದಕ್ಕಾಗಿ ಮಾಡಿ. ನಮ್ಮ ಮಲಗುವ ಕೋಣೆಯ ಗೋಡೆ ಮೇಲೆ ಹಿಮ್ಮಡಿ ತಾಗಿ ತಾಗಿ ಎರಡು ಮಸುಕು ಗುರುತು ಬಿದ್ದಿವೆ. ಎರಡು ಸಲ ಬಣ್ಣ ಬಳಿಸಿದರೂ ಆ ಜಾಗ ಮಾತ್ರ ಬಳಿಯಲು ನಾನು ಬಿಟ್ಟಿಲ್ಲ.

ಉಸಿರಾಟದಲ್ಲಿ ಬಿರುಸಿನ ಕಪಾಲಭಾತಿ, ಭಸ್ತ್ರಿಕಾ ಎರಡನ್ನೂ ಬಿಟ್ಟೆ. ನಾಲ್ಕು ಎಣಿಸುತ್ತ ಒಳಗೆ, ಆರು ಎಣಿಸುತ್ತ ಹೊರಗೆ. ಉಸಿರು ಹಿಡಿಯುವುದು ಬೇಡ. ಐದು ನಿಮಿಷ ನಾಡಿಶುದ್ಧಿ (ಒಂದೊಂದೇ ಮೂಗಿನ ಹೊಳ್ಳೆಯಿಂದ ಉಸಿರಾಡುವುದು), ಮಲಗುವ ಮುಂಚೆ ಏಳು ಭ್ರಾಮರಿ (ದುಂಬಿಯ ಹಾಗೆ ಗುಂಯ್ ಅನ್ನುತ್ತ ಉಸಿರು ಬಿಡುವುದು). ಹೊರಗೆ ಬಿಡುವ ಉಸಿರು ಉದ್ದವಾದರೆ ಎದೆಬಡಿತ ಇಳಿಯುತ್ತದೆ, ನಿದ್ದೆಗೆ ದಾರಿಯಾಗುತ್ತದೆ.

ಕಾಯುವ ಎರಡು ವಾರ

ಅಂಡಾಣು ಬಿಡುಗಡೆಯಾದ ಮೇಲೆ ಮುಟ್ಟಿನ ದಿನದವರೆಗೆ ಇರುವ ಆ ಎರಡು ವಾರ ನಿಜಕ್ಕೂ ಕಷ್ಟ. ಭ್ರೂಣ ಗರ್ಭಕೋಶದ ಗೋಡೆಗೆ ಅಂಟುವುದು ಬಿಡುಗಡೆಯಾಗಿ ಆರರಿಂದ ಹತ್ತು ದಿನದ ಹೊತ್ತಿಗೆ. ಕೆಮ್ಮಿದರೆ, ಮೆಟ್ಟಿಲು ಹತ್ತಿದರೆ, ಬಗ್ಗಿದರೆ ಅದು ಬಿದ್ದುಹೋಗುವುದಿಲ್ಲ. ಆದರೂ ನಾನು ಆ ದಿನಗಳಲ್ಲಿ ಹೊಟ್ಟೆ ಹಿಂಡುವ ಹಾಗೆ ತಿರುಚುವ ಆಸನ, ಹೊಟ್ಟೆ ಮೇಲೆ ಭಾರ ಬೀಳುವ ಧನುರಾಸನ, ಬೆವರು ಹರಿಸುವ ಅಭ್ಯಾಸ ಮಾಡುತ್ತಿರಲಿಲ್ಲ. ಮಾಡಿ, ಆಮೇಲೆ ಮುಟ್ಟಾದರೆ "ನಾನೇ ಕೆಡಿಸಿಕೊಂಡೆ" ಅನ್ನುವ ಕೊರಗು ಬೇಡ ಅಂತ.

ಐವಿಎಫ್ (ಅಂಡಾಣು ಹೊರತೆಗೆದು ಲ್ಯಾಬಿನಲ್ಲಿ ಭ್ರೂಣ ಮಾಡುವ ಚಿಕಿತ್ಸೆ) ಇಂಜೆಕ್ಷನ್ ನಡೆಯುವಾಗ ಮಾತ್ರ ಇದು ಬರೀ ಮನಸ್ಸಿನ ಸಮಾಧಾನದ ಮಾತಲ್ಲ. ಆಗ ಅಂಡಾಶಯಗಳು ಊದಿ ಭಾರವಾಗಿರುತ್ತವೆ. ತಿರುಚುವುದು, ಹಾರುವುದು, ತಲೆಕೆಳಗಾಗಿ ನಿಲ್ಲುವುದು ಮಾಡಿದರೆ ಅಂಡಾಶಯವೇ ತಿರುಚಿಕೊಂಡು ತುರ್ತು ಆಪರೇಷನ್‌ಗೆ ಹೋಗಬೇಕಾಗಬಹುದು. ಆ ದಿನಗಳಲ್ಲಿ ಉಸಿರಾಟ, ಶವಾಸನ, ಯೋಗನಿದ್ರೆ, ನಿಧಾನ ನಡಿಗೆ, ಇಷ್ಟೇ. ಅಂಡಾಣು ಹೊರತೆಗೆದ ಮೇಲೂ ಡಾಕ್ಟರ್ ಹೂಂ ಅನ್ನುವವರೆಗೆ ಚಾಪೆ ಬೇಡ. ನೀವು ಏನೇನು ಮಾಡುತ್ತೀರಿ ಅಂತ ಅವರಿಗೆ ಆಸನದ ಹೆಸರು ಹೇಳಬೇಡಿ, ಮೈ ಹೇಗೆ ಬಾಗುತ್ತದೆ ಅಂತ ತೋರಿಸಿ. ಆಗ ಸರಿಯಾದ ಉತ್ತರ ಸಿಗುತ್ತದೆ.

ಇನ್ನು ಗಂಡಸರ ವಿಷಯ. ಮಕ್ಕಳಾಗದ ದಂಪತಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಆದರೂ ಚಾಪೆ ಹಾಸುವುದು ಯಾವಾಗಲೂ ಹೆಂಗಸೇ. ನನಗೆ ಇದರ ಬಗ್ಗೆ ತುಂಬಾ ನೋವಿದೆ. ಒಂದೂವರೆ ವರ್ಷ ಬರೀ ನನ್ನದೇ ಪರೀಕ್ಷೆಗಳು ನಡೆದವು. ವೀರ್ಯ ಪರೀಕ್ಷೆ ಸುಲಭದ್ದು, ಅದನ್ನು ಮೊದಲೇ ಮಾಡಿಸಿ. ವೀರ್ಯಾಣು ತಯಾರಾಗಲು ಎರಡೂವರೆಯಿಂದ ಮೂರು ತಿಂಗಳು ಬೇಕು, ಇವತ್ತು ಬದಲಾಯಿಸಿದ ಅಭ್ಯಾಸದ ಫಲ ಕಾಣುವುದು ಅಷ್ಟು ದಿನದ ಮೇಲೆ. ವೃಷಣಗಳಿಗೆ ಮೈಗಿಂತ ಕಡಿಮೆ ಬಿಸಿ ಬೇಕು. ಬಿಸಿ ಕೋಣೆಯ ಯೋಗ, ತೊಡೆ ಮೇಲೆ ಲ್ಯಾಪ್‌ಟಾಪ್, ಬಿಸಿನೀರಿನ ತೊಟ್ಟಿ ಬೇಡ, ಸಿಗರೇಟ್ ಬಿಡಬೇಕು. ನಮ್ಮನೆಯವರು ಆಸನ ನನಗೆ ಬಗ್ಗೋದಿಲ್ಲ ಅಂದರು. ಸರಿ, ರಾತ್ರಿ ಭ್ರಾಮರಿಗೆ ಮಾತ್ರ ಬನ್ನಿ ಅಂದೆ. ಬೆನ್ನಿಗೆ ಬೆನ್ನು ಕೊಟ್ಟು ಕೂತು ಏಳು ಸಲ. ಅವರ ಗುಂಯ್ ಅನ್ನುವ ದನಿ ನನ್ನ ಬೆನ್ನುಮೂಳೆಗೆ ತಾಗುತ್ತಿತ್ತು. ಆ ವರ್ಷ ನಾವಿಬ್ಬರೂ ಲೆಕ್ಕ, ತಾರೀಕು, ರಿಪೋರ್ಟ್ ಮಾತಾಡದೆ ಹತ್ತಿರ ಕೂತದ್ದು ಅಂದರೆ ಅದೊಂದೇ ಹೊತ್ತು.

ಯೋಗ ಮಾಡುತ್ತಿದ್ದೇವಲ್ಲ ಅಂತ ಡಾಕ್ಟರ್ ಹತ್ತಿರ ಹೋಗುವುದನ್ನು ಮುಂದೂಡಬೇಡಿ. 35 ವರ್ಷದ ಒಳಗಿದ್ದರೆ ಒಂದು ವರ್ಷ ಪ್ರಯತ್ನಪಟ್ಟ ಮೇಲೆ, 35 ದಾಟಿದ್ದರೆ ಆರೇ ತಿಂಗಳಿಗೆ, 40 ದಾಟಿದ್ದರೆ ತಕ್ಷಣ ಹೋಗಿ. ಮುಟ್ಟು ಏರುಪೇರಾಗಿದ್ದರೆ, ಮುಟ್ಟಿನಲ್ಲಿ ತಡೆಯಲಾಗದ ನೋವಿದ್ದರೆ, ಹಿಂದೆ ಹೊಟ್ಟೆಯ ಕೆಳಭಾಗದಲ್ಲಿ ಸೋಂಕಾಗಿದ್ದರೆ ಕಾಯಲೇಬೇಡಿ. ಗರ್ಭ ನಿಲ್ಲುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಶುರು ಮಾಡುವ ಬಗ್ಗೆಯೂ ಕೇಳಿ. ಕೆಲವರಿಗೆ ಅದಕ್ಕಿಂತ ಜಾಸ್ತಿ ಬೇಕಾಗುತ್ತದೆ, ಅದನ್ನು ಅವರೇ ಹೇಳಬೇಕು.

ಮತ್ತೆ ಮುಟ್ಟಾಯಿತು ಅಂದುಕೊಳ್ಳಿ. ಆ ಬೆಳಿಗ್ಗೆ ಯಾವ ಅಭ್ಯಾಸವೂ ಬೇಡ. ಬಾತ್‌ರೂಮಿನಿಂದ ಬಂದು ಪಕ್ಕಕ್ಕೆ ಮಲಗಿ, ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆಗೆ ಅಪ್ಪಿಕೊಳ್ಳಲು ಇನ್ನೊಂದು, ಮೈಮೇಲೆ ಹೊದಿಕೆ. ಫೋನ್ ಬೇರೆ ಕೋಣೆಯಲ್ಲಿರಲಿ. ಅಳು ಬಂದರೆ ಅಳಿ, ಉಸಿರನ್ನು ಮಾತ್ರ ಹಿಡಿದಿಟ್ಟುಕೊಳ್ಳಬೇಡಿ. ನಾನು ಎಂದೂ ಇಪ್ಪತ್ತು ನಿಮಿಷಕ್ಕೆ ಮುಂಚೆ ಎದ್ದವಳಲ್ಲ. ಮೂರನೇ ದಿನ ಸುಪ್ತ ಬದ್ಧಕೋಣಾಸನ. ಐದನೇ ದಿನ ಮಾರ್ಜಾಲಾಸನ.