ರೆಸ್ಯೂಮೆ ಬರೆಯುವ ಮುಂಚೆ ಜಾಹೀರಾತು ಓದಿ

ಕೆಲಸ ಹುಡುಕಲು ಹೊರಟವರು ಮೊದಲು ಮಾಡುವುದೇನು? ಚೆಂದದ ಟೆಂಪ್ಲೇಟ್ ಹುಡುಕುವುದು. ಬಣ್ಣ, ಫಾಂಟು, ಫೋಟೊ ಅಂತ ಒಂದಿಡೀ ಸಂಜೆ ಕಳೆದುಹೋಗುತ್ತದೆ. ಅದನ್ನು ಕೊನೆಗಿಡಿ.

ಹಂತ 1: ಐದಾರು ಜಾಹೀರಾತು ಮುಂದಿಟ್ಟುಕೊಳ್ಳಿ

ನಿಮಗೆ ಬೇಕಾದ ಒಂದೇ ಬಗೆಯ ಕೆಲಸಕ್ಕೆ ಬೇರೆ ಬೇರೆ ಕಂಪನಿಗಳು ಕೊಟ್ಟ ಜಾಹೀರಾತುಗಳನ್ನು ಆರಿಸಿ. ಎಲ್ಲದರಲ್ಲೂ ಮತ್ತೆ ಮತ್ತೆ ಬರುವ ಮಾತುಗಳಿಗೆ ಗೆರೆ ಎಳೆಯಿರಿ. ಎಕ್ಸೆಲ್, ಗ್ರಾಹಕರ ಜೊತೆ ಮಾತುಕತೆ, ಸ್ಟಾಕ್ ಲೆಕ್ಕ, ಹೀಗೆ. ಗೆರೆ ಬಿದ್ದ ಮಾತುಗಳು ನಿಮ್ಮ ರೆಸ್ಯೂಮೆಯ ಮೊದಲ ಅರ್ಧ ಪುಟದಲ್ಲೇ ಕಾಣಬೇಕು, ನಿಮಗೆ ಅವು ನಿಜವಾಗಿ ಗೊತ್ತಿದ್ದರೆ ಮಾತ್ರ.

ಲಿಯೊನಾರ್ಡೊ ಡಾ ವಿಂಚಿ ಮಾಡಿದ್ದೂ ಇದನ್ನೇ. 1482ರ ಸುಮಾರಿಗೆ ಮಿಲಾನ್‌ನ ಆಡಳಿತಗಾರ ಲುಡೊವಿಕೊ ಸ್ಫೋರ್ಜಾ ಬಳಿ ಕೆಲಸ ಕೇಳಲು ಅವನು ಸಿದ್ಧಪಡಿಸಿದ ಪತ್ರದ ಕರಡು ಉಳಿದುಬಂದಿದೆ. ಅದರಲ್ಲಿ ಹಗುರ ಸೇತುವೆ, ಫಿರಂಗಿ, ಮುತ್ತಿಗೆಯ ಯಂತ್ರಗಳ ಮಾತೇ ಜಾಸ್ತಿ. ಚಿತ್ರ ಬರೆಯಲು ಬರುತ್ತದೆ ಅನ್ನುವುದು ಕೊನೆಗೆ ಬರುತ್ತದೆ. ಪತ್ರ ಓದುವವನಿಗೆ ಯುದ್ಧದ ಚಿಂತೆ ಇತ್ತಲ್ವಾ!

ಹಂತ 2: ಕಚ್ಚಾ ಪಟ್ಟಿ ಮಾಡಿ

ಓದಿದ್ದು, ಮಾಡಿದ ಕೆಲಸ, ತಿಂಗಳು ಮತ್ತು ವರ್ಷ, ಬಳಸಿದ ಸಾಫ್ಟ್‌ವೇರ್, ಸಂಬಳವಿಲ್ಲದೆ ಮಾಡಿದ ಕೆಲಸ, ಎಲ್ಲವನ್ನೂ ಒಂದು ಕಡತದಲ್ಲಿ ಗುಡ್ಡೆ ಹಾಕಿ. ಇದನ್ನು ಯಾರಿಗೂ ಕಳಿಸಬೇಡಿ. ಪ್ರತಿ ಅರ್ಜಿಗೂ ಇದರಿಂದ ಬೇಕಾದ್ದನ್ನು ಮಾತ್ರ ಎತ್ತಿಕೊಳ್ಳಿ.

ಹಂತ 3: ಸಾಲುಗಳಿಗೆ ಜೀವ ಕೊಡಿ

ಹೆಚ್ಚಿನ ಸಮಯ ಇಲ್ಲೇ ಹಿಡಿಯಬೇಕು. ‘ಗ್ರಾಹಕ ಸೇವೆಯ ಜವಾಬ್ದಾರಿ ನಿರ್ವಹಿಸಿದ್ದೇನೆ’ ಅಂತ ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ‘ದಿನಕ್ಕೆ ಸುಮಾರು 60 ದೂರು ನೋಡಿಕೊಂಡೆ; ಉತ್ತರಕ್ಕೆ ಎರಡು ದಿನ ಹಿಡಿಯುತ್ತಿದ್ದದ್ದು ಒಂದು ದಿನಕ್ಕೆ ಇಳಿಯಿತು’ ಎಂದರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಏನು ಮಾಡಿದಿರಿ, ಎಷ್ಟು ಮಾಡಿದಿರಿ, ಅದರಿಂದ ಏನಾಯಿತು, ಈ ಮೂರೂ ಒಂದೇ ಸಾಲಿನಲ್ಲಿ ಸಿಗಬೇಕು. ಅಂಕಿ ಇಲ್ಲದ ಕೆಲಸವಾದರೆ ತಂಡ ಎಷ್ಟು ದೊಡ್ಡದು, ಯಾರಿಗಾಗಿ ಮಾಡಿದ್ದು ಅಂತಾದರೂ ಹೇಳಿ.

‘ಕಠಿಣ ಪರಿಶ್ರಮಿ’, ‘ತಂಡದ ಆಟಗಾರ’ ಇತ್ಯಾದಿಗಳನ್ನು ಸುಮ್ನೆ ಅಳಿಸಿಬಿಡಿ. ಎಲ್ಲರೂ ಬರೆಯುತ್ತಾರೆ, ಯಾರೂ ನಂಬುವುದಿಲ್ಲ.

ಅನುಭವ ಇಲ್ಲದವರು ಕಾಲೇಜಿನ ಪ್ರಾಜೆಕ್ಟು, ಇಂಟರ್ನ್‌ಶಿಪ್, ಸ್ವಯಂಸೇವೆಯನ್ನು ಇದೇ ರೀತಿ ಬರೆಯಲಿ. ನಡುವೆ ವರ್ಷ ಖಾಲಿ ಬಿದ್ದಿದ್ದರೆ ‘ಮನೆಯವರ ಆರೈಕೆ’ ಅಥವಾ ‘ಓದಿಗಾಗಿ ಬಿಡುವು’ ಎಂಬ ಒಂದು ಸಾಲು ಸಾಕು. ದಿನಾಂಕ ತಿದ್ದಲು ಹೋಗಬೇಡಿ. ಹಳೆಯ ಕಂಪನಿಗೆ ಒಂದು ಫೋನ್ ಹೋದರೆ ಎಲ್ಲ ಹೊರಬೀಳುತ್ತದೆ.

ಹಂತ 4: ಯಂತ್ರವೂ ಓದುವಂತಿರಲಿ

ಅನೇಕ ಕಂಪನಿಗಳಲ್ಲಿ ರೆಸ್ಯೂಮೆ ಮೊದಲು ಅರ್ಜಿಗಳನ್ನು ಓದಿ ವಿಂಗಡಿಸುವ ಎಟಿಎಸ್ ಎಂಬ ಸಾಫ್ಟ್‌ವೇರ್‌ಗೆ ಹೋಗುತ್ತದೆ. ಎರಡು ಕಾಲಂ, ಟೇಬಲ್, ಚಿತ್ರದೊಳಗಿನ ಅಕ್ಷರ, ಇವುಗಳಲ್ಲಿ ಅದು ಎಡವಬಹುದು. ಪರೀಕ್ಷೆ ಸುಲಭ: ಪೂರ್ತಿ ರೆಸ್ಯೂಮೆಯನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಸಾಲುಗಳು ಹಿಂದುಮುಂದಾದರೆ ವಿನ್ಯಾಸ ಸರಳ ಮಾಡಿ.

ಇತ್ತೀಚಿನ ಕೆಲಸ ಮೇಲಿರಲಿ. ಹೊಸಬರಿಗೆ ಒಂದು ಪುಟ, ಅನುಭವಿಗಳಿಗೆ ಎರಡು ಸಾಕು. ಬೇರೇನೂ ಕೇಳದಿದ್ದರೆ ಪಿಡಿಎಫ್ ಕಳಿಸಿ. ಕಡತಕ್ಕೆ ನಿಮ್ಮ ಹೆಸರನ್ನೇ ಇಡಿ, ‘ಫೈನಲ್ ಹೊಸದು 3’ ಅಂತ ಬೇಡ. ಗುರುತಿನ ಚೀಟಿಯ ಸಂಖ್ಯೆ, ಬ್ಯಾಂಕ್ ವಿವರ ರೆಸ್ಯೂಮೆಯಲ್ಲಿ ಇರಲೇಬಾರದು.

ಹಂತ 5: ಎಲ್ಲಿ ಹುಡುಕುವುದು?

2003ರಲ್ಲಿ ಶುರುವಾದ ಲಿಂಕ್ಡ್‌ಇನ್ ಎಲ್ಲರಿಗೂ ಗೊತ್ತು. ಅದರಲ್ಲಿ ಜಾಬ್ ಅಲರ್ಟ್ ಹಾಕಿಕೊಳ್ಳಿ, ಆದರೆ ಕಂಪನಿಯ ಸ್ವಂತ ವೆಬ್‌ಸೈಟಿನ ಕೆರಿಯರ್ಸ್ ಪುಟವನ್ನೂ ನೋಡಿ. ರೆಸ್ಯೂಮೆ ತಯಾರಿಸಲು ಯುರೋಪಿಯನ್ ಒಕ್ಕೂಟದ ಯುರೋಪಾಸ್ ತಾಣ ಉಚಿತ. ಒಂದು ಕೆಲಸಕ್ಕೆ ಯಾವ ಕೌಶಲ ಬೇಕು ಅಂತ ತಿಳಿಯಲು ಅಮೆರಿಕದ ಕಾರ್ಮಿಕ ಇಲಾಖೆಯ ನೆರವಿನಿಂದ ನಡೆಯುವ ಓ-ನೆಟ್ ತಾಣವನ್ನು ಯಾರು ಬೇಕಾದರೂ ನೋಡಬಹುದು. ಓದಿದ ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗವನ್ನೂ ಮರೆಯಬೇಡಿ. ಹಳೆಯ ವಿದ್ಯಾರ್ಥಿಗಳಿಗೂ ಎಷ್ಟೋ ಕಡೆ ನೆರವು ಸಿಗುತ್ತದೆ.

ಇನ್ನು ಜನರ ವಿಷಯ. ಆಪ್ತರಿಗಿಂತ ಅಷ್ಟಾಗಿ ಒಡನಾಟವಿಲ್ಲದ ಪರಿಚಯಸ್ಥರಿಂದಲೇ ಕೆಲಸದ ಸುದ್ದಿ ಹೆಚ್ಚು ಬರುತ್ತದೆ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ತೋರಿಸಿದ್ದರು. ಕಾರಣ ಸರಳ. ನಿಮ್ಮ ಗೆಳೆಯರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಹಾಗಾಗಿ ಹಳೆಯ ಸಹೋದ್ಯೋಗಿಗೋ ಸೀನಿಯರ್‌ಗೋ ಸಂಕೋಚ ಬಿಟ್ಟು ಬರೆಯಿರಿ. ‘ಕೆಲಸ ಕೊಡಿಸಿ’ ಅಂದರೆ ಅವರು ಜಾರಿಕೊಳ್ಳುತ್ತಾರೆ. ‘ನಿಮ್ಮ ಕೆಲಸದ ಬಗ್ಗೆ ಹತ್ತು ನಿಮಿಷ ಕೇಳಬಹುದಾ?’ ಅಂದರೆ ಬಹಳ ಜನ ಒಪ್ಪುತ್ತಾರೆ.

ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ ಅಂತ ಯಾರಾದರೂ ಮೊದಲೇ ದುಡ್ಡು ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಹಂತ 6: ಲೆಕ್ಕ ಇಡಿ

ಎಲ್ಲಿಗೆ, ಯಾವತ್ತು, ಯಾವ ರೆಸ್ಯೂಮೆ ಕಳಿಸಿದಿರಿ ಅಂತ ಒಂದು ಶೀಟಿನಲ್ಲಿ ಬರೆದಿಡಿ. ಜೊತೆಗೆ ಜಾಹೀರಾತಿನ ಪ್ರತಿಯನ್ನೂ ಉಳಿಸಿಕೊಳ್ಳಿ. ಸಂದರ್ಶನಕ್ಕೆ ಕರೆ ಬರುವ ಹೊತ್ತಿಗೆ ವೆಬ್‌ಸೈಟಿನಿಂದ ಅದನ್ನು ತೆಗೆದುಹಾಕಿರುವುದೇ ಹೆಚ್ಚು.