ಗ್ರೂಪಿನಲ್ಲಿ ಬಾಯಿ ಬಿಡದವರ ಮೇಲೆ ಸಂಶೋಧನೆ: ನನ್ನ ಅನುಭವ

ವಾಟ್ಸಾಪ್ ಗ್ರೂಪಿನಲ್ಲಿ ಏನೂ ಬರೆಯದೆ ಸುಮ್ಮನೆ ಓದುವವರ ಮೇಲೆ ಕೆಲಸ ಮಾಡುತ್ತೇನೆ ಅಂದಾಗ ನಕ್ಕವರೇ ಜಾಸ್ತಿ. ‘ಬರೆಯದವರ ಡೇಟಾ ಎಲ್ಲಿಂದ ತರ್ತೀರಿ?’ ಅಂತ ಒಂದು ಸೆಮಿನಾರಿನಲ್ಲಿ ಹಿರಿಯರೊಬ್ಬರು ಮೈಕ್ ಹಿಡಿದೇ ಕೇಳಿದರು. ಎಲ್ಲರೂ ನಕ್ಕರು. ಈಗ ಲೇಖನ ಒಪ್ಪಿಗೆಯಾಗಿದೆ. ವಿಮರ್ಶಕರಲ್ಲಿ ಒಬ್ಬರು ಬೇರೆಲ್ಲ ಬಿಟ್ಟು ವಿಧಾನವನ್ನೇ ಹೊಗಳಿದ್ದಾರೆ. ಹಾಗಾಗಿ ಸ್ವಲ್ಪ ಜಂಬ ಕೊಚ್ಚಿಕೊಂಡರೆ ತಪ್ಪಿಲ್ಲ ಅಂದುಕೊಂಡು ಬರೆಯುತ್ತಿದ್ದೇನೆ. ನೀವೂ ಇದೇ ಕೆಲಸದವರು. ಕೋಡಿಂಗ್ (ಮಾತನ್ನು ಬಗೆಬಗೆಯಾಗಿ ವಿಂಗಡಿಸಿ ಗುರುತು ಹಾಕುವುದು), ಕಪ್ಪಾ (ಇಬ್ಬರ ವಿಂಗಡಣೆ ಎಷ್ಟು ತಾಳೆಯಾಗುತ್ತೆ ಅನ್ನುವ ಅಳತೆ, ಪೂರ್ತಿ ತಾಳೆಯಾದರೆ 1) ಇವುಗಳ ಬಗ್ಗೆ ಇದಕ್ಕಿಂತ ಜಾಸ್ತಿ ಇಲ್ಲಿ ಹೇಳುವುದಿಲ್ಲ.

ನಾನು ಹಿಡಿದದ್ದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ಒಂದು ಗ್ರೂಪು. ಇನ್ನೂರರ ಮೇಲೆ ಸ್ವಲ್ಪ ಮಂದಿ ಇದ್ದರು. ಯಾರ ತೋಟದಲ್ಲಿ ಚಾಟ್ನಿ (ಬಳ್ಳಿ ಕತ್ತರಿಸುವುದು) ಯಾವಾಗ, ಮಳೆ ಬರುತ್ತೋ ಇಲ್ವೋ, ಡೌನಿ ರೋಗಕ್ಕೆ ಯಾವ ಔಷಧ, ಒಣದ್ರಾಕ್ಷಿಗೆ ವಿಜಯಪುರದಲ್ಲಿ ಎಷ್ಟು, ಮಹಾರಾಷ್ಟ್ರದ ಸಾಂಗ್ಲಿ, ತಾಸಗಾಂವದಲ್ಲಿ ಎಷ್ಟು, ಇದೇ ಮಾತು. ನಡುವೆ ಗುಡ್ ಮಾರ್ನಿಂಗ್ ಹೂವು, ದೇವರ ಫೋಟೋ. ನೂರಕ್ಕೆ ತೊಂಬತ್ತು ಮಂದಿ ಬರೀ ನೋಡುವವರು, ಒಂಬತ್ತು ಮಂದಿ ಆಗೊಮ್ಮೆ ಈಗೊಮ್ಮೆ ಬರೆಯುವವರು, ಒಬ್ಬ ಸದಾ ಬರೆಯುವವ ಅನ್ನುವ ಲೆಕ್ಕವನ್ನು 2006ರಲ್ಲಿ ವೆಬ್ ಬಳಕೆಯ ತಜ್ಞ ಯಾಕೋಬ್ ನೀಲ್ಸನ್ ಬರೆದಾಗಿನಿಂದ ಎಲ್ಲರೂ ಹೇಳುತ್ತಲೇ ಬಂದಿದ್ದೇವೆ. ನಮ್ಮ ಗ್ರೂಪೂ ಹೆಚ್ಚುಕಡಿಮೆ ಹಾಗೇ ಇತ್ತು. ದಿನಾ ಬಾಯಿ ಬಿಡುವವರು ಹದಿನೈದೋ ಇಪ್ಪತ್ತೋ. ಆದರೆ ಪ್ರಬಂಧಗಳನ್ನು ತೆಗೆದು ನೋಡಿ, ಎಲ್ಲರೂ ಆ ಇಪ್ಪತ್ತು ಮಂದಿಯ ಮಾತನ್ನೇ ಅಳೆದು ತೂಗಿ ‘ರೈತರು ಹೀಗೆ ಯೋಚಿಸುತ್ತಾರೆ’ ಅಂತ ಬರೆದಿರುತ್ತಾರೆ. ನನ್ನ ತಕರಾರು ಇದೊಂದೇ.

ಮೊದಲು ಗೂಗಲ್ ಫಾರ್ಮ್. ಅದು ಬಿದ್ದದ್ದು ನೋಡಬೇಕಿತ್ತು. ಮೂವತ್ತು ಚಿಲ್ಲರೆ ಉತ್ತರ ಬಂದವು. ಅದರಲ್ಲಿ ಅರ್ಧ, ಕಾಲೇಜಿಗೆ ಹೋಗುವ ಮಗ ಅಪ್ಪನ ಹೆಸರಲ್ಲಿ ತುಂಬಿದ್ದು. ಉಳಿದವರು ಎಲ್ಲದಕ್ಕೂ ‘ಹೌದು’. ಆಮೇಲೆ ಗ್ರೂಪಿನಲ್ಲೇ ಪೋಲ್ ಹಾಕಿಸಿದೆ. ವಾಟ್ಸಾಪಿನ ಪೋಲಿನಲ್ಲಿ ಯಾರು ಯಾವುದಕ್ಕೆ ಒತ್ತಿದರು ಅಂತ ಎಲ್ಲರಿಗೂ ಕಾಣುತ್ತೆ. ಬರೆಯಲು ಹೆದರುವವನು ಹೆಸರು ಕಾಣುವ ಕಡೆ ಒತ್ತುತ್ತಾನಾ? ಒತ್ತಿದವರು ಅದೇ ಹಳೇ ಹದಿನೈದು ಮಂದಿ.

ಮೂರನೆಯದು ಚಾಟ್ ಎಕ್ಸ್‌ಪೋರ್ಟ್, ಅಂದರೆ ಗ್ರೂಪಿನ ಮಾತನ್ನು ಒಂದು ಫೈಲಾಗಿ ಇಳಿಸಿಕೊಳ್ಳುವುದು. ಮೀಡಿಯಾ ಬಿಟ್ಟರೆ 40,000 ಮೆಸೇಜಿನವರೆಗೆ ಬರುತ್ತೆ, ಸಾಕಷ್ಟಾಯಿತು. ಆದರೆ ಅದರಲ್ಲಿರುವುದು ಮಾತಾಡಿದವರು ಮಾತ್ರ. ಓದಿದವನ ಗುರುತೇ ಇಲ್ಲ. ಮೇಲಿಂದ ಎಲ್ಲರ ನಂಬರ್ ಸಮೇತ ಬರುತ್ತೆ. ಅಡ್ಮಿನ್ ಹೂಂ ಅಂದರೆ ಇನ್ನೂರು ಮಂದಿಯೂ ಹೂಂ ಅಂದಂತಲ್ಲ. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಸಂಶೋಧನೆಗೆ ಒಂದಿಷ್ಟು ವಿನಾಯಿತಿ ಇದೆ, ಆದರೂ ನನಗೆ ಅದರ ನೆರಳಲ್ಲಿ ಕೂರುವುದು ಬೇಡವಾಗಿತ್ತು. ಫೈಲ್ ಅಳಿಸಿಬಿಟ್ಟೆ.

‘ಹೇಳದೆ ಗ್ರೂಪ್ ಸೇರಿ ನೋಡ್ತಾ ಇರಿ, ಯಾರಿಗೆ ಗೊತ್ತಾಗುತ್ತೆ’ ಅಂತ ಸಲಹೆ ಕೊಟ್ಟವರೂ ಇದ್ದರು. 2014ರಲ್ಲಿ ಫೇಸ್‌ಬುಕ್ಕಿನ ಮನಸ್ಥಿತಿ ಪ್ರಯೋಗ ಹೊರಬಂದಾಗ ಎದ್ದ ಗಲಾಟೆ ನೆನಪಿದೆ ಅಲ್ವಾ? ಸುಮಾರು 6.9 ಲಕ್ಷ ಮಂದಿಯ ಫೀಡನ್ನು ಹೇಳದೆ ಕೇಳದೆ ಏರುಪೇರು ಮಾಡಿದ್ದರು. ಅಷ್ಟು ದೊಡ್ಡ ಕಂಪನಿಗೇ ಛೀಮಾರಿ ತಪ್ಪಲಿಲ್ಲ. ನಾನು ಊರಲ್ಲಿ ಮತ್ತೆ ಮುಖ ತೋರಿಸಬೇಕಾದವಳು. ಹಾಗಾಗಿ ಅಡ್ಮಿನ್ ಕೈಲಿ ಪರಿಚಯ ಮಾಡಿಸಿ, ನಾನು ಯಾರು, ಏನು ನೋಡುತ್ತೇನೆ, ಯಾರ ಹೆಸರೂ ಬರೆಯುವುದಿಲ್ಲ ಅಂತ ಒಂದು ವಾಯ್ಸ್ ಮೆಸೇಜ್ ಹಾಕಿದೆ. ನಾಲ್ಕೈದು ಮಂದಿ ಗ್ರೂಪ್ ಬಿಟ್ಟರು. ಉಳಿದವರು ಮೂರು ವಾರ ಸಾಹೇಬರು ತಪಾಸಣೆಗೆ ಬಂದ ಶಾಲೆಯ ಮಕ್ಕಳ ಹಾಗೆ ಶಿಸ್ತಾಗಿದ್ದರು, ಗುಡ್ ಮಾರ್ನಿಂಗ್ ಕೂಡ ಕಮ್ಮಿಯಾಯಿತು. ಆ ಮೂರು ವಾರದ ಟಿಪ್ಪಣಿ ಪೂರ್ತಿ ಬಿಸಾಕಿದೆ. ಅಕ್ಟೋಬರಿನ ಚಾಟ್ನಿ ಶುರುವಾದ ಮೇಲೆ ನಾನಿದ್ದೇನೆ ಅನ್ನುವುದನ್ನೇ ಮರೆತರು. ಅಲ್ಲಿಂದ ನನ್ನ ಕೆಲಸ ಶುರು.

ನನ್ನ ವಿಧಾನ ನಿಂತಿರುವುದು ಮೂರು ಕಾಲಿನ ಮೇಲೆ. ಮೊದಲನೆಯದು ನೀಲಿ ಟಿಕ್. ನಾವೇ ಹಾಕಿದ ಮೆಸೇಜನ್ನು ಒತ್ತಿ ಹಿಡಿದು ಇನ್ಫೋ ನೋಡಿದರೆ ಯಾರು ಓದಿದರು, ಎಷ್ಟೊತ್ತಿಗೆ ಓದಿದರು ಅನ್ನುವುದು ಸಿಗುತ್ತೆ. ಖಾಸಗಿ ಚಾಟಿನಲ್ಲಿ ನೀಲಿ ಟಿಕ್ ಬಂದ್ ಮಾಡಿಕೊಂಡವನದೂ ಗ್ರೂಪಿನಲ್ಲಿ ಕಾಣುತ್ತೆ, ಆ ಸೆಟ್ಟಿಂಗ್ ಗ್ರೂಪಿಗೆ ನಡೆಯಲ್ಲ. ವಾಯ್ಸ್ ಮೆಸೇಜ್ ಆದರೆ ಯಾರು ಕೇಳಿದರು ಅನ್ನುವುದೂ ಸಿಗುತ್ತೆ. ಇದನ್ನೂ ಮೊದಲ ದಿನವೇ ಗ್ರೂಪಿಗೆ ಹೇಳಿದ್ದೆ. ನಾನು ಮಾರ್ಕೆಟಿನ ದರ ಹಾಕುತ್ತಿದ್ದೆ, ಅಡ್ಮಿನ್ ಅದಕ್ಕೆ ಖುಷಿ. ರಾತ್ರಿ ಮಲಗುವಷ್ಟರಲ್ಲಿ ನೂರೈವತ್ತರ ಆಸುಪಾಸು ಮಂದಿ ಓದಿರುತ್ತಿದ್ದರು. ಅಂದರೆ ಬರೆಯುವವರು ಇಪ್ಪತ್ತು, ಓದುವವರು ನೂರೈವತ್ತು. ಆ ನಡುವಿನವರು ಓದಿ ಏನು ಮಾಡುತ್ತಾರೆ?

ಎರಡನೇ ಕಾಲು, ಫೋನ್ ಹಿಡಿದು ಒಟ್ಟಿಗೆ ಕೂರುವುದು. ಬರೆಯದವರಲ್ಲಿ ಒಪ್ಪಿದ ನಲವತ್ತರಷ್ಟು ಮಂದಿಯ ಮನೆಗೋ ತೋಟಕ್ಕೋ ಹೋದೆ. ಫೋನ್ ಅವರ ಕೈಯಲ್ಲೇ ಇರಬೇಕು, ನಾನು ಮುಟ್ಟುವುದಿಲ್ಲ. ಹಿಂದಿನ ಒಂದು ವಾರದ ಗ್ರೂಪ್ ಮೆಸೇಜನ್ನು ಅವರೇ ಮೇಲೆ ಸರಿಸುತ್ತಾ ಬರಬೇಕು. ಒಂದೊಂದಕ್ಕೂ ಕೇಳುವುದು ಇಷ್ಟೇ. ಇದನ್ನು ನೋಡಿದಿರಾ, ಆಗ ಪಕ್ಕದಲ್ಲಿ ಯಾರಿದ್ದರು, ಆಮೇಲೆ ಏನು ಮಾಡಿದಿರಿ. ‘ಯಾಕೆ’ ಅಂತ ಕೇಳಲೇಬಾರದು, ಕೇಳಿದರೆ ಭಾಷಣ ಶುರುವಾಗುತ್ತೆ. ನಲವತ್ತು ನಿಮಿಷ ದಾಟಬಾರದು, ದಾಟಿದರೆ ನಮ್ಮನ್ನು ಖುಷಿಪಡಿಸಲು ಹೇಳತೊಡಗುತ್ತಾರೆ. ಫೋನ್ ತೆಗೆಯಲು ಹಿಂದೆಮುಂದೆ ನೋಡುವವರಿಗೆ ನಾನು ಮೊದಲು ಹೇಳುವ ಒಂದು ಮಾತಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಇನ್ನೊಂದು ಲೇಖನಕ್ಕೆ ಇಟ್ಟುಕೊಂಡಿದ್ದೇನೆ.

ಮೂರನೆಯದು ರಾತ್ರಿಯ ವಾಯ್ಸ್ ಡೈರಿ. ದಿನಾ ಮಲಗುವ ಮುಂಚೆ ಒಂದು ನಿಮಿಷ, ಇವತ್ತು ಗ್ರೂಪಿನಲ್ಲಿ ಏನು ನೋಡಿದೆ, ಯಾರಿಗೆ ಹೇಳಿದೆ. ಇಲ್ಲಿ ದುಡ್ಡಿನ ಪಾಠ ಚೆನ್ನಾಗಿ ಆಯಿತು. ಕಳಿಸಿದ ದಿನಕ್ಕೆ ಇಷ್ಟು ಅಂತ ಲೆಕ್ಕ ಇಟ್ಟಾಗ ಏನೂ ನಡೆಯದ ದಿನವೂ ಕಥೆ ಕಟ್ಟಿ ಮೂರು ಮೂರು ನಿಮಿಷ ಕಳಿಸಿದರು. ಆಮೇಲೆ ಶುರುವಿನಲ್ಲೇ 28 ದಿನದ ರೀಚಾರ್ಜ್ ಹಾಕಿಸಿ, ಕಳಿಸಿ ಬಿಡಿ ನಿಮ್ಮ ಇಷ್ಟ ಅಂದೆ. ಡೈರಿ ಚಿಕ್ಕದಾಯಿತು, ಖರೇ ಆಯಿತು. ‘ಇವತ್ತ ಏನೂ ನೋಡಿಲ್ರಿ ಅಕ್ಕಾರ, ಕರೆಂಟ್ ಇರ್ಲಿಲ್ಲ’ ಅನ್ನುವ ಐದು ಸೆಕೆಂಡಿನ ಡೈರಿ ನನಗೆ ಬಂಗಾರ.

ಖರ್ಚಿನ ಬಗ್ಗೆ ಯಾರೂ ಬರೆಯಲ್ಲ, ನಾನು ಬರೆಯುತ್ತೇನೆ. ಅನುದಾನಕ್ಕೆ ಹಾಕಿದ ಅರ್ಜಿ ‘ಮಾದರಿ ಚಿಕ್ಕದು’ ಅಂತ ವಾಪಸ್ ಬಂತು. ಎಲ್ಲ ಕೈಯಿಂದಲೇ. ರೀಚಾರ್ಜಿಗೆ ಹತ್ತು ಸಾವಿರ, ಬಸ್ಸು ಮತ್ತು ಸ್ಕೂಟಿ ಪೆಟ್ರೋಲಿಗೆ ಹದಿನೈದು ಸಾವಿರ, ಸೆಕೆಂಡ್ ಹ್ಯಾಂಡ್ ಫೋನು, ಬೇರೆ ಸಿಮ್ಮು ಸೇರಿ ಏಳು ಸಾವಿರ. ಬೇರೆ ಸಿಮ್ ಕಡ್ಡಾಯ, ಇಲ್ಲದಿದ್ದರೆ ಕೆಲಸ ಮುಗಿದ ಮೇಲೂ ನಿಮ್ಮ ನಂಬರಿಗೆ ದ್ರಾಕ್ಷಿ ಗೊಬ್ಬರದ ಜಾಹೀರಾತು ಬರುತ್ತಲೇ ಇರುತ್ತೆ. ದೊಡ್ಡ ಹೊರೆ ಅಂದರೆ ಆಡಿಯೋ ಬರೆದಿಳಿಸುವುದು. ಎಲ್ಲ ಸೇರಿ ನಲವತ್ತೈದು ಗಂಟೆಯ ಹತ್ತಿರ ಇತ್ತು. ಗಂಟೆಗೆ ಒಂದೂವರೆ ಸಾವಿರ ಕೇಳಿದರು. ಆಪ್‌ಗಳಿಗೆ ಹಾಕಿ ನೋಡಿದೆ. ನಮ್ಮ ಕಡೆಯ ಕನ್ನಡದ ಜೊತೆ ಮರಾಠಿ, ನಡುನಡುವೆ ದಖ್ಖನಿ ಉರ್ದು ಬೆರೆತಿತ್ತು. ಆಪ್ ಬರೆದುಕೊಟ್ಟದ್ದನ್ನು ಓದಿ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಕೊನೆಗೆ ಬರೆದಿಳಿಸುವುದನ್ನೇ ಬಿಟ್ಟೆವು. ಹತ್ತು ಗಂಟೆಯಷ್ಟನ್ನು ಮಾತ್ರ ಬರೆಸಿ, ಉಳಿದದ್ದನ್ನು ನಾನು ಮತ್ತು ಒಬ್ಬ ವಿದ್ಯಾರ್ಥಿನಿ ಕೇಳಿ ಕೇಳಿಯೇ ಕೋಡ್ ಹಾಕಿದೆವು. ಎಲ್ಲರೂ ಜಾಸ್ತಿ ಅನುಮಾನಪಟ್ಟದ್ದು ಇದನ್ನೇ. ಆದರೆ ಕೇಳಿದರೆ ಸಿಗುವ ತಡವರಿಕೆ, ಹಿಂದಿನಿಂದ ಹೆಂಡತಿ ‘ಸುಳ್ಳ ಹೇಳಬ್ಯಾಡ್ರಿ’ ಅನ್ನುವುದು, ಇವು ಹಾಳೆಯ ಮೇಲೆ ಸಿಗಲ್ಲ. ನೋಡಿದ್ದು, ಓದಿ ಹೇಳಿದ್ದು, ತೋರಿಸಿದ್ದು, ಫೋನ್ ಹಚ್ಚಿದ್ದು, ಬೇರೆ ಕಡೆ ಕಳಿಸಿದ್ದು, ಏನೂ ಮಾಡದ್ದು, ಹೀಗೆ ಆರೇ ಕೋಡ್. ಮೊದಮೊದಲು ಕಪ್ಪಾ 0.5ರ ಮೇಲೆ ಏಳಲಿಲ್ಲ. ‘ತೋರಿಸಿದ್ದು’ ಅನ್ನುವುದನ್ನು ಮನೆಯವರಿಗೆ, ಹೊರಗಿನವರಿಗೆ ಅಂತ ಒಡೆದ ಮೇಲೆ 0.75 ದಾಟಿತು. ವಿದ್ಯಾರ್ಥಿನಿಗೆ ಹದಿನೆಂಟು ಸಾವಿರ ಕೊಟ್ಟೆ. ಒಟ್ಟು ಅರವತ್ತು, ಅರವತ್ತೈದು ಸಾವಿರದಲ್ಲಿ ಮುಗಿಯಿತು. ಟ್ವಿಟರ್ ಮೇಲೆ ಕೆಲಸ ಮಾಡುತ್ತಿದ್ದ ಗೆಳೆಯರಿಗೆ 2023ರಲ್ಲಿ ಉಚಿತ ಎಪಿಐ (ಕಂಪನಿಯಿಂದ ನೇರವಾಗಿ ಡೇಟಾ ಪಡೆಯುವ ದಾರಿ) ಬಂದ್ ಆಯಿತು, ಫೇಸ್‌ಬುಕ್ ಪೋಸ್ಟುಗಳ ಜಾಡು ಹಿಡಿಯುವ ಕ್ರೌಡ್‌ಟ್ಯಾಂಗಲ್ ನಂಬಿದವರಿಗೆ ಅದೂ 2024ರ ಆಗಸ್ಟಿನಲ್ಲಿ ಬಂದ್. ನನ್ನದನ್ನು ಯಾವ ಕಂಪನಿಯೂ ಅಷ್ಟು ಸುಲಭಕ್ಕೆ ಬಂದ್ ಮಾಡೋಕಾಗಲ್ಲ.

ಸಿಕ್ಕಿದ್ದೇನು? ಸುಮ್ಮನಿದ್ದವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಮಂದಿ ಆ ವಾರ ಗ್ರೂಪಿನಲ್ಲಿ ಕಂಡದ್ದರ ಮೇಲೆ ಏನಾದರೂ ಮಾಡಿದ್ದರು. ಬರೆಯಲಿಲ್ಲ ಅಷ್ಟೇ. ಫೋನ್ ಹಚ್ಚುವುದೇ ಮೊದಲು. ‘ಗ್ರೂಪ್‌ನ್ಯಾಗ ಬರದ್ರ ಎಲ್ಲಾರೂ ನೋಡ್ತಾರ್ರಿ, ಫೋನ್ ಹಚ್ಚಿದ್ರ ಅಂವಾ ಒಬ್ಬಾವ ಕೇಳ್ತಾನ’ ಅಂತ ಒಬ್ಬರು ಹೇಳಿದ್ದು ಲೇಖನದಲ್ಲೂ ಹಾಕಿದೆ. ಯಾರಿಗೆ ಹಚ್ಚುತ್ತಾರೆ ಅಂತ ಗೆರೆ ಎಳೆದು ನೋಡಿದರೆ ಅರ್ಧಕ್ಕರ್ಧ ಗೆರೆ ಒಬ್ಬ ಬೆಳೆ ಔಷಧದ ಅಂಗಡಿಯವರ ಕಡೆ ಹೋಗಿತ್ತು. ಅವರೂ ಅದೇ ಗ್ರೂಪಿನಲ್ಲಿದ್ದಾರೆ. ನಾನಿದ್ದಷ್ಟು ದಿನ ಒಂದಕ್ಷರ ಬರೆದಿಲ್ಲ! ಎಕ್ಸ್‌ಪೋರ್ಟ್ ಫೈಲಿನ ಲೆಕ್ಕದಲ್ಲಿ ಅವರು ಸೊನ್ನೆ.

ಇನ್ನೊಂದು, ನೀಲಿ ಟಿಕ್ ಬಂದರೆ ಓದಿದ್ದು ನಂಬರಿನ ಯಜಮಾನನೇ ಅಂತ ತಿಳಿಯಬೇಡಿ. ಬಹಳ ಮನೆಗಳಲ್ಲಿ ಮಗ ಓದಿ ಹೇಳುತ್ತಾನೆ, ಸೊಸೆ ದರ ನೋಡಿ ಅತ್ತೆಗೆ ತಿಳಿಸುತ್ತಾಳೆ. ಒಣದ್ರಾಕ್ಷಿ ಶೆಡ್ಡಿನಲ್ಲಿ ಕಾಳು ಆರಿಸುವ ಹೆಣ್ಣುಮಕ್ಕಳಲ್ಲಿ ಒಬ್ಬರೂ ಗ್ರೂಪಿನಲ್ಲಿಲ್ಲ, ಆದರೆ ಮಾಲೀಕ ಸ್ಪೀಕರಿಗೆ ಹಾಕಿದ ವಾಯ್ಸ್ ಮೆಸೇಜೆಲ್ಲ ಅವರಿಗೆ ಬಾಯಿಪಾಠ. ಇದರ ಮೇಲೇ ಒಂದು ಪಿಎಚ್‌ಡಿ ಮಾಡಬಹುದು, ಯಾರಾದರೂ ಮಾಡಿ.

ನಡುವೆ ಸಣ್ಣ ಪ್ರಯೋಗವೂ ಮಾಡಿದೆ. ಒಂದು ವಾರ ದರವನ್ನು ಬರಹದಲ್ಲಿ, ಇನ್ನೊಂದು ವಾರ ವಾಯ್ಸಿನಲ್ಲಿ. ವಾಯ್ಸ್ ಕೇಳಿದವರು ಕಮ್ಮಿ, ಆದರೆ ಅದನ್ನು ಬೇರೆಯವರಿಗೆ ಕೇಳಿಸಿದವರು ಜಾಸ್ತಿ. ಮತ್ತೊಮ್ಮೆ ಅಡ್ಮಿನ್ ಒಪ್ಪಿಸಿ ಅಡ್ಮಿನ್ ಮಾತ್ರ ಬರೆಯುವಂತೆ ಮಾಡಿಸಿದೆ. ಹತ್ತು ದಿನದಲ್ಲಿ ಮಾತುಗಾರರು ಸೇರಿ ಬೇರೆ ಗ್ರೂಪ್ ಕಟ್ಟಿದರು, ಸುಮ್ಮನಿದ್ದವರಿಗೆ ಏನೂ ವ್ಯತ್ಯಾಸ ಆಗಲಿಲ್ಲ, ಎಂದಿನಂತೆ ಫೋನ್ ಹಚ್ಚಿಕೊಂಡಿದ್ದರು.

ಫಾರ್ವರ್ಡ್ ವಿಷಯ ಮಾತ್ರ ನಿರೀಕ್ಷಿಸದ್ದು. 2018ರಲ್ಲಿ ವಾಟ್ಸಾಪಿನವರು ನಮ್ಮ ದೇಶದಲ್ಲಿ ಒಮ್ಮೆಗೆ ಐದೇ ಚಾಟಿಗೆ ಅಂತ ಮಿತಿ ಹಾಕಿದರು, 2020ರ ಏಪ್ರಿಲಿನಲ್ಲಿ ಬಹಳ ಸಲ ಫಾರ್ವರ್ಡ್ ಆದದ್ದನ್ನು ಒಮ್ಮೆಗೆ ಒಂದೇ ಚಾಟಿಗೆ ಅಂದರು. ಅಂಥದ್ದರ ಮೇಲೆ ಜೋಡಿ ಬಾಣದ ಗುರುತು ಬರುತ್ತೆ. ಹುಷಾರು ಅನ್ನುವುದಕ್ಕೆ ಇಟ್ಟದ್ದು. ನಾನು ಮಾತಾಡಿಸಿದವರಲ್ಲಿ ಎಷ್ಟೋ ಮಂದಿ ಅದನ್ನು ತಿರುಗಾಮುರುಗಾ ಓದುತ್ತಿದ್ದರು. ‘ಭಾಳ ಮಂದಿ ಕಳ್ಸ್ಯಾರ ಅಂದ್ರ ಖರೇನ ಇರಬೇಕಲ್ರಿ ಅಕ್ಕಾರ.’ ಇದಕ್ಕೆ ನಲವತ್ತು ಮಂದಿಯ ಮಾದರಿ ಸಾಲದು ಅಂತ ಲೇಖನದಲ್ಲಿ ಒಂದೇ ಸಾಲು ಬರೆದು ಬಿಟ್ಟಿದ್ದೇನೆ.

ಮುಂದಿನದು ನಮ್ಮ ಜಿಲ್ಲೆಯ ಇಂಡಿ ತಾಲ್ಲೂಕಿನ ನಿಂಬೆ ಬೆಳೆಗಾರರ ಗ್ರೂಪು. ಮಾತುಕತೆ ನಡೆದಿದೆ. ಅಲ್ಲಿಯ ಅಡ್ಮಿನ್, ಎಲ್ಲರಿಗೂ ರೀಚಾರ್ಜ್ ಹಾಕಿಸಿದರೆ ಮಾತ್ರ ಸೇರಿಸ್ತೀನಿ ಅಂತ ಕೂತಿದ್ದಾರೆ. ಗ್ರೂಪಿನಲ್ಲಿ ಐನೂರರ ಹತ್ತಿರ ಮಂದಿ ಇದ್ದಾರೆ. ಈ ಸಲ ಅನುದಾನ ಸಿಗದಿದ್ದರೆ ಚೌಕಾಸಿ ಮಾಡಿ ಐವತ್ತು ಮಂದಿಯ ರೀಚಾರ್ಜಿಗೆ ಇಳಿಸಬೇಕು.